ಹಗೇವಿನಿಂದ ಅಗ್ಗಿಷ್ಟಿಕೆಯವರೆಗೆ

ಕರ್ನಾಟಕದ ಹಳೆಯ ಮನೆಗಳಲ್ಲಿ ಆಪತ್ಕಾಲದ ಸಿದ್ಧತೆಯೆಂಬುದು ಪ್ರತ್ಯೇಕವಾದ ಕೆಲಸವಾಗಿರಲಿಲ್ಲ. ಅದು ವರ್ಷದ ದುಡಿಮೆಯೊಳಗೇ ಸೇರಿಕೊಂಡಿತ್ತು. ಯಾವ ತಿಂಗಳಲ್ಲಿ ಏನನ್ನು ಕೂಡಿಡಬೇಕು, ಎಲ್ಲಿಡಬೇಕು, ಯಾವಾಗ ತೆಗೆಯಬೇಕು ಎಂಬುದು ಮನೆಯವರಿಗೆ ಪಂಚಾಂಗದಷ್ಟೇ ಖಚಿತವಾಗಿ ತಿಳಿದಿತ್ತು. ಆ ತಿಳಿವಳಿಕೆ ಆಯಾ ಊರಿನ ಮಣ್ಣಿಗೂ ಮಳೆಗೂ ತಕ್ಕಂತೆ ರೂಪುಗೊಂಡದ್ದು. ಊರು ಬಿಟ್ಟು ಹೈದರಾಬಾದು, ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ನಾವು ಅದರಲ್ಲಿ ಎಷ್ಟನ್ನು ಜೊತೆಗೆ ತಂದೆವು, ಎಷ್ಟನ್ನು ಹೊಸದಾಗಿ ಕಲಿಯಬೇಕಾಗಿದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಮಲೆನಾಡನ್ನೂ ಕರಾವಳಿಯನ್ನೂ ನೋಡಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹಳ್ಳ ತುಂಬಿದರೆ ಪೇಟೆಯ ದಾರಿ ದಿನಗಟ್ಟಲೆ ಮುಚ್ಚಿಹೋಗುತ್ತಿತ್ತು. ಹಾಗಾಗಿ ಬೇಸಗೆ ಮುಗಿಯುವುದರೊಳಗೆ ಸೌದೆ ಸೂರಿನಡಿ ಸೇರಬೇಕು, ಮಾಡಿಗೆ ಹೊಸ ಹುಲ್ಲೋ ಸೋಗೆಯೋ ಹೊದೆಯಬೇಕು, ಗಾಳಿಮಳೆ ಹೊಡೆಯುವ ದಿಕ್ಕಿಗೆ ತಟ್ಟಿ ಕಟ್ಟಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಹೆಂಚು ಕೊಳ್ಳಬಲ್ಲವರಿಗೆ ವರ್ಷವರ್ಷವೂ ಮಾಡು ಹೊದೆಸುವ ಕೆಲಸ ತಪ್ಪಿತು. ಒಡೆದ ಹೆಂಚು ಬದಲಿಸಿದರೆ ಸಾಕಾಯಿತು. ಅಡುಗೆಮನೆಯಲ್ಲಿ ಹಲಸಿನ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕಡಲ ತಡಿಯಲ್ಲಿ ಒಣಮೀನು. ಒಣಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿ. ಇಂದು ನಾಲಗೆಯ ಚಪಲಕ್ಕೆ ನಾವು ಊರಿನಿಂದ ತರಿಸಿಕೊಳ್ಳುವ ತಿನಿಸುಗಳಲ್ಲಿ ಹಲವು ಒಂದು ಕಾಲದ ಆಪತ್ತಿನ ಬುತ್ತಿ.

ಬಯಲುಸೀಮೆಯ ಭಯ ಇದಕ್ಕೆ ವಿರುದ್ಧವಾದುದು. ಅಲ್ಲಿ ಅಂಜಿಕೆ ಮಳೆಯದಲ್ಲ, ಬಾರದ ಮಳೆಯದು. ನೆಲದೊಳಗೆ ಕೊಡದಾಕಾರದಲ್ಲಿ ತೋಡಿದ ಹಗೇವಿನಲ್ಲಿ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಯನ್ನು ಚಪ್ಪಡಿಯಿಂದ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳು ಹಿಡಿಯುವುದು ಕಡಿಮೆ; ಗಾಳಿಯಾಡದ ಹಗೇವಿನಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವನ್ನು ತೆರೆದ ಕೂಡಲೇ ಒಳಗಿಳಿಯಬಾರದು, ಒಳಗಿನ ಕೆಟ್ಟ ಗಾಳಿ ಮೊದಲು ಹೊರಹೋಗಬೇಕು ಎಂಬ ಎಚ್ಚರವೂ ಆ ತಿಳಿವಳಿಕೆಯ ಭಾಗವಾಗಿತ್ತು. ಈ ಎಚ್ಚರವನ್ನು ಓದುಗರು ನೆನಪಿನಲ್ಲಿಡಬೇಕು. ದೆಹಲಿಯ ಚಳಿಗಾಲಕ್ಕೆ ಬಂದಾಗ ಅದು ಬೇಕಾಗುತ್ತದೆ.

ಆದರೆ ಮನೆಯ ಸಿದ್ಧತೆಗೆ ಒಂದು ಮಿತಿಯಿದೆ ಎಂಬುದನ್ನು 1876ರಿಂದ 1878ರವರೆಗಿನ ಮಹಾಕ್ಷಾಮ ತೋರಿಸಿತು. ಒಂದು ವರ್ಷದ ಬರವನ್ನು ಹಗೇವು ತಡೆಯಬಲ್ಲದು. ಬೆಳೆ ಮತ್ತೆ ಮತ್ತೆ ಕೈಕೊಟ್ಟಾಗ ಹಗೇವಿನ ತಳವೂ ಕಾಣುತ್ತದೆ. ಹಗೇವೇ ಇಲ್ಲದ ಕೂಲಿಕಾರನಿಗಂತೂ ಮೊದಲ ವರ್ಷವೇ ಕೊನೆಯ ವರ್ಷ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಕೂಡಿಡುವ ಜಾಣ್ಮೆಯನ್ನು ಹೊಗಳುವಾಗ, ಕೂಡಿಡಲು ಏನೂ ಇಲ್ಲದವರನ್ನು ಮರೆಯಲಾಗದು.

ಮನೆಯ ಕೈ ಮೀರಿದ್ದನ್ನು ಅರಸೊತ್ತಿಗೆ ಮಾಡಬೇಕೆಂಬ ಪಾಠವನ್ನು ಹೈದರಾಬಾದು ಕಲಿತದ್ದು ನೀರಿನಿಂದ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ನಗರದೊಳಗೆ ನುಗ್ಗಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅಫ್ಜಲ್‌ಗಂಜಿನ ಆಸ್ಪತ್ರೆಯ ಆವರಣದಲ್ಲಿದ್ದ ಹುಣಸೆಮರವನ್ನೇರಿ ಸುಮಾರು 150 ಮಂದಿ ಬದುಕಿಕೊಂಡರು. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗುವುದಕ್ಕೆ ಸ್ವಲ್ಪವೇ ಮುಂಚೆ. ನಗರದ ಮೇಲ್ಭಾಗದಲ್ಲೇ ನೆರೆಯನ್ನು ತಡೆದು ನಿಲ್ಲಿಸುವ ಜಲಾಶಯಗಳು ಬೇಕೆಂಬುದು ಅವರ ಸಲಹೆ. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ಬೀದರ, ಕಲಬುರಗಿ, ರಾಯಚೂರುಗಳೂ ಸೇರಿದ್ದ ಸಂಸ್ಥಾನದ ರಾಜಧಾನಿಗೆ ಕನ್ನಡಿಗನೊಬ್ಬ ಕೊಟ್ಟ ರಕ್ಷೆ ಅದು. ಆದರೂ 2020ರ ಅಕ್ಟೋಬರಿನಲ್ಲಿ ಅದೇ ನಗರದ ಅನೇಕ ಬಡಾವಣೆಗಳು ಮುಳುಗಿದವು. ಜಲಾಶಯವು ನದಿಯನ್ನು ತಡೆಯಬಲ್ಲದು. ಕೆರೆಯಂಗಳದಲ್ಲಿ ಕಟ್ಟಿದ ಮನೆಯನ್ನು ಕಾಯಲಾರದು.

ಮುಂಬಯಿಯ 2005ರ ಜುಲೈ 26 ಇನ್ನೊಂದು ಬಗೆಯ ಪಾಠ. ಆ ದಿನದ 24 ತಾಸುಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆಯಾಯಿತು. ಅದೇ ನಗರದ ಕೊಲಾಬಾದಲ್ಲಿ 73. ದಕ್ಷಿಣದ ಕಚೇರಿಗಳಲ್ಲಿ ಕುಳಿತವರಿಗೆ ಉಪನಗರದ ತಮ್ಮ ಮನೆ ಮುಳುಗುತ್ತಿರುವುದು ತಿಳಿಯುವಂತಿರಲಿಲ್ಲ. ಮಳೆಯೆಂದರೆ ನಮಗೇನು ಹೊಸದೇ ಎನ್ನುವ ಕರಾವಳಿಯವರೂ ಆ ದಿನ ಬೆರಗಾದರು. ಊರಿನ ಸಿದ್ಧತೆಯೆಲ್ಲವೂ ಮನೆಯೊಳಗಿದ್ದವರಿಗಾಗಿ. ಇಲ್ಲಿ ಆಪತ್ತು ಬಂದಾಗ ಮನೆಮಂದಿ ಶಾಲೆ, ಕಚೇರಿ, ಲೋಕಲ್ ರೈಲು ಎಂದು ಚದುರಿಹೋಗಿದ್ದರು. ಫೋನು ಸತ್ತುಹೋಗಿತ್ತು, ರೈಲು ನಿಂತಿತ್ತು. ಮುಚ್ಚಿದ ಕಾರಿನೊಳಗೆ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತವರಿದ್ದರು. ದಾರಿಯಲ್ಲಿ ಸಿಕ್ಕಿಬಿದ್ದವರನ್ನು ಕಾದದ್ದು ಗುರುತಿಲ್ಲದವರಿಗೆ ಬಾಗಿಲು ತೆರೆದು ಚಹಾ, ಊಟ, ಮಲಗಲು ಜಾಗ ಕೊಟ್ಟ ಮನೆಗಳು.

ಚೆನ್ನೈಯಲ್ಲಿ ಪಂಚಾಂಗವೇ ಬೇರೆ. ಅಲ್ಲಿನ ಮಳೆಯ ಅರ್ಧಕ್ಕಿಂತ ಹೆಚ್ಚು ಪಾಲು ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಊರಿನಲ್ಲಿ ಮಳೆ ಮುಗಿಯಿತೆಂದು ಕೊಡೆ ಮಡಿಸಿಡುವ ಹೊತ್ತಿಗೆ ಇಲ್ಲಿ ಬಿಚ್ಚಬೇಕು. 2015ರ ಡಿಸೆಂಬರ್ ಮೊದಲ ವಾರದಲ್ಲಿ ಅಡ್ಯಾರು ನದಿ ದಡ ಮೀರಿತು. ಕೆಲಸಗಾರರು ಮುದ್ರಣಾಲಯ ತಲುಪಲಾಗದೆ, 1878ರಿಂದ ನಡೆದುಬಂದಿದ್ದ ‘ದಿ ಹಿಂದೂ’ ಪತ್ರಿಕೆಯ ಚೆನ್ನೈ ಆವೃತ್ತಿ ಡಿಸೆಂಬರ್ 2ರಂದು ಅಚ್ಚಾಗಲಿಲ್ಲ. ಮೂರನೆಯ ಮಹಡಿಯವರು ನೆರೆಯಿಂದ ಪಾರಾದರೂ ಬಾಯಾರಿಕೆಯಿಂದ ಪಾರಾಗಲಿಲ್ಲ: ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಸುತ್ತ ನೀರಿದ್ದೂ ಕುಡಿಯಲು ಹನಿ ನೀರಿಲ್ಲ.

ಕೊನೆಗೆ ದೆಹಲಿಯ ಚಳಿ. ಸಫ್ದರ್‌ಜಂಗಿನ ಹವಾಮಾನ ಕೇಂದ್ರದಲ್ಲಿ 1935ರ ಜನವರಿ 16ರಂದು ತಾಪಮಾನ ಸೊನ್ನೆಗಿಂತ 0.6 ಡಿಗ್ರಿ ಕೆಳಗಿಳಿದಿತ್ತು. ಅಲ್ಲಿ ಜನ ಕಾಯಿಸಿಕೊಳ್ಳುವ ಅಂಗೀಠಿಯೂ ನಮ್ಮ ಅಗ್ಗಿಷ್ಟಿಕೆಯೂ ಸಂಸ್ಕೃತದ ಒಂದೇ ಮೂಲದ ಪದಗಳು. ಪದ ಒಂದೇ ಆದರೂ ಮನೆ ಒಂದೇ ಅಲ್ಲ. ಮಲೆನಾಡಿನ ಮನೆಯ ಬೆಂಕಿಯ ಹೊಗೆ ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತಿತ್ತು. ಕಾಂಕ್ರೀಟಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಕೆಂಡದ ಅಂಗೀಠಿಯನ್ನು ಪಕ್ಕದಲ್ಲಿಟ್ಟು ಮಲಗಿದರೆ ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುವುದರಿಂದ, ನಿದ್ದೆಯಲ್ಲಿದ್ದವನು ಏಳುವುದೇ ಇಲ್ಲ. ಉತ್ತರ ಭಾರತದ ಚಳಿಗಾಲಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹೊಗೆ ಕಾಣದಿದ್ದರೆ ಅಪಾಯವಿಲ್ಲ ಎಂಬ ನಂಬಿಕೆಯೇ ಇಲ್ಲಿ ಕೊಲ್ಲುತ್ತದೆ. ಹಗೇವನ್ನು ತೆರೆದು ಗಾಳಿಯಾಡಲು ಬಿಡುತ್ತಿದ್ದವರಿಗೆ ಕಣ್ಣಿಗೆ ಕಾಣದ ಕೆಟ್ಟ ಗಾಳಿಯ ಅರಿವಿತ್ತು. ಗಾಳಿಯ ಬಗೆ ಬೇರೆಯಾದರೂ ಬೇಕಾದ ಎಚ್ಚರ ಒಂದೇ.

ಹೀಗೆ ನೋಡಿದಾಗ, ಹಿರಿಯರಿಂದ ನಾವು ಪಡೆಯಬೇಕಾದದ್ದು ಅವರ ಸಾಮಾನಿನ ಪಟ್ಟಿಗಿಂತ ಅವರ ರೂಢಿ: ಇರುವ ನೆಲದ ಅಪಾಯವನ್ನು ಅರಿತು, ಅದು ಬರುವ ಮುನ್ನ ಕೈಮಾಡುವುದು. ನಮ್ಮ ಕಟ್ಟಡ ನಿಂತ ಜಾಗ ಹಿಂದೆ ಕೆರೆಯೋ ಗದ್ದೆಯೋ ಎಂದು ಹಳಬರನ್ನು ಕೇಳಿ ತಿಳಿಯುವುದು. ಪಂಪು ನಿಂತರೂ ಎರಡು ಮೂರು ದಿನಕ್ಕಾಗುವಷ್ಟು ಕುಡಿಯುವ ನೀರು ತುಂಬಿಡುವುದು. ಕಾಗದಪತ್ರ, ಔಷಧಿಗಳನ್ನು ಎತ್ತರದಲ್ಲಿಡುವುದು. ಫೋನು ಸತ್ತರೆ ಮನೆಯವರೆಲ್ಲ ಎಲ್ಲಿ ಸೇರಬೇಕೆಂದು ಮೊದಲೇ ಗೊತ್ತುಮಾಡುವುದು. ಕೋಣೆಯೊಳಗೆ ಕೆಂಡವಿಟ್ಟು ಮಲಗದಿರುವುದು. ಹಾಗೆಯೇ, ಕೂಡಿಡಲು ಜಾಗವಿಲ್ಲದ ಕೆಳಮನೆಯವರ ಹೆಸರನ್ನೂ ನಮ್ಮ ಲೆಕ್ಕದಲ್ಲಿ ಬರೆದುಕೊಳ್ಳುವುದು. ಈ ಕೆಲಸಗಳಿಗೆ ತಿಂಗಳು ಯಾವುದೆಂಬುದನ್ನು ಮಾತ್ರ ಊರಿನ ಪಂಚಾಂಗ ಹೇಳಲಾರದು. ನಾವಿರುವ ನಗರದ ಆಕಾಶವನ್ನೇ ನೋಡಿ ತಿಳಿಯಬೇಕು.