ವಾಡಿ ತೋಟ ಅಂದ್ರೆ ಏನು? ಕಾಡಂಚಿನ ಆದಿವಾಸಿ ರೈತರಿಗೆ ಹೇಗೆ ಉಪಯೋಗ? ಇಲ್ಲಿದೆ ಮಾಹಿತಿ

ಆನೇಕಲ್: ಎಲೆಕ್ಟ್ರಾನಿಕ್ ಸಿಟಿಯಿಂದ ಬನ್ನೇರುಘಟ್ಟ ಕಾಡಂಚು ದೂರವೇನಲ್ಲ. ಬನ್ನೇರುಘಟ್ಟದಲ್ಲಿ ಹಕ್ಕಿಪಿಕ್ಕಿ ಕಾಲೊನಿ ಇದೆ. ಕನಕಪುರ, ರಾಮನಗರ, ಮಾಗಡಿ ಕಡೆ ಇರುಳಿಗರಿದ್ದಾರೆ. ಎರಡೂ ಪರಿಶಿಷ್ಟ ಪಂಗಡದ ಸಮುದಾಯಗಳು. ಒಂದೆರಡು ಎಕರೆ ಜಮೀನಿದ್ರೂ ಮಳೆ ನಂಬಿದ ರಾಗಿ, ಹುರುಳಿಯಲ್ಲಿ ವರ್ಷಪೂರ್ತಿ ಸಂಸಾರ ನಡೆಯಲ್ಲ. ಅಂಥ ಜಮೀನಿಗಾಗಿಯೇ ರೂಪಿಸಿದ ಪದ್ಧತಿ ವಾಡಿ.

ಶುರುವಾಗಿದ್ದು ಎಲ್ಲಿ?

ಗುಜರಾತಿಯಲ್ಲಿ ವಾಡಿ ಅಂದ್ರೆ ಸಣ್ಣ ತೋಟ. ಮಣಿಭಾಯಿ ದೇಸಾಯಿ 1967ರಲ್ಲಿ ಸ್ಥಾಪಿಸಿದ ಬೈಫ್ ಸಂಸ್ಥೆ, 1982ರಲ್ಲಿ ಗುಜರಾತ್‌ನ ವಾಂಸದಾದಲ್ಲಿ ಆದಿವಾಸಿಗಳ ಜೊತೆ ಇದನ್ನು ಆರಂಭಿಸಿತು. ನಬಾರ್ಡ್ 2003-04ರಲ್ಲಿ 50 ಕೋಟಿ ರೂ. ಮೂಲನಿಧಿಯೊಂದಿಗೆ ಆದಿವಾಸಿ ಅಭಿವೃದ್ಧಿ ನಿಧಿ ಸ್ಥಾಪಿಸಿ, ಇದೇ ಮಾದರಿಯನ್ನು ಬೇರೆ ರಾಜ್ಯಗಳಿಗೂ ವಿಸ್ತರಿಸಿತು. ನಮ್ಮ ರಾಜ್ಯದಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಹಾಡಿಗಳಲ್ಲೂ ವಾಡಿ ಕೆಲಸ ನಡೆದಿದೆ.

ಒಂದು ಎಕರೆಯಲ್ಲಿ ಏನಿರುತ್ತೆ?

* 10 ಮೀಟರ್ ಅಂತರದಲ್ಲಿ ನೆಟ್ಟರೆ ಸುಮಾರು 40 ಕಸಿ ಮಾವಿನ ಗಿಡ. ಮಣ್ಣು ನೋಡಿ ಗೋಡಂಬಿ, ನೆಲ್ಲಿ, ಸೀತಾಫಲವೂ ಆಗುತ್ತೆ.
* ಸಾಲುಗಳ ನಡುವೆ ರಾಗಿ, ಅವರೆ, ಹುರುಳಿ, ತರಕಾರಿ.
* ಬದುವಿನಲ್ಲಿ ಗ್ಲಿರಿಸಿಡಿಯಾ, ಸಿಲ್ವರ್ ಓಕ್. ಮೇವು, ಸೌದೆ, ಗೊಬ್ಬರದ ಸೊಪ್ಪು ಇಲ್ಲೇ ಸಿಗುತ್ತೆ.
* ಮಳೆನೀರು ಇಂಗಲು ಕಂದಕ-ಬದು, ಅನುಕೂಲ ಇದ್ರೆ ಕೃಷಿ ಹೊಂಡ.

ಕಸಿ ಮಾವು ಲೆಕ್ಕಕ್ಕೆ ಸಿಗೋ ಫಸಲು ಕೊಡೋಕೆ ನಾಲ್ಕೈದು ವರ್ಷ ಬೇಕು. ಅಲ್ಲಿವರೆಗೆ ಮನೆ ನಡೆಸೋದು ಅಂತರ ಬೆಳೆಯೇ. ಬರೀ ಸಸಿ ಹಂಚಿ ಹೋದ ಕಡೆ ತೋಟ ಉಳಿಯದೇ ಇರೋದಕ್ಕೆ ಕಾರಣ ಇದೇ: ಮೊದಲ ಎರಡು ಬೇಸಿಗೆಗೆ ನೀರಿಲ್ಲ, ಕಾಯೋರು ಕೂಲಿಗೆ ಹೋಗಿರ್ತಾರೆ.

ಮೊದಲು ಬೇಕಾಗೋದು ಪಹಣಿ ಅಥವಾ ಹಕ್ಕುಪತ್ರ

ಮಾವು ನೆಟ್ಟರೆ ಮಕ್ಕಳ ಕಾಲಕ್ಕೂ ಇರುತ್ತೆ. ಆದ್ರೆ ಜಮೀನು ತನ್ನದು ಅನ್ನೋ ಕಾಗದ ಇಲ್ಲದಿದ್ರೆ ಯಾರು ನೆಡ್ತಾರೆ? 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯ ಭೂಮಿ ಸಾಗುವಳಿ ಮಾಡ್ತಿರೋ ಪರಿಶಿಷ್ಟ ಪಂಗಡದ ಕುಟುಂಬಕ್ಕೆ ಗರಿಷ್ಠ 4 ಹೆಕ್ಟೇರ್‌ವರೆಗೆ ಹಕ್ಕು ಸಿಗುತ್ತೆ. ಅರ್ಜಿ ಕೊಡಬೇಕಾದ್ದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ. ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯ. ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಇರಬೇಕು. ಈ ಭೂಮಿ ಮಕ್ಕಳಿಗೆ ಹೋಗುತ್ತೆ, ಮಾರೋ ಹಾಗಿಲ್ಲ.

ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ರಕ್ಷಣೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಮಾರಾಟ ನಡೆದಿದ್ರೆ ಜಮೀನು ವಾಪಸ್ ಕೇಳಬಹುದು. 2023ರ ತಿದ್ದುಪಡಿ ನಂತರ ಅರ್ಜಿಗೆ ಕಾಲಮಿತಿ ಇಲ್ಲ. ಲೇಔಟ್‌ನವರು ಅಡ್ವಾನ್ಸ್ ಹಿಡ್ಕೊಂಡು ಬಾಗಿಲಿಗೆ ಬರೋ ನಮ್ಮ ಭಾಗದಲ್ಲಿ ಇದು ಗೊತ್ತಿರಲೇಬೇಕು.

ಆನೆ ಕಾಟ, ಮಾರುಕಟ್ಟೆ

ಹಲಸು, ಮಾವು ಹಣ್ಣಾದಾಗ ಆನೆ ಬರುತ್ತೆ. ಕಾಡಿಗೆ ಅಂಟಿಕೊಂಡ ಜಮೀನಿನಲ್ಲಿ ಹಲಸು ಬೇಡ. ಸೋಲಾರ್ ಬೇಲಿ ಒಬ್ಬರೇ ಹಾಕೋದಕ್ಕಿಂತ ಅಕ್ಕಪಕ್ಕದವರು ಸೇರಿ ಹಾಕೋದು ಒಳ್ಳೇದು.

ಮಾರಾಟದ ವಿಷಯದಲ್ಲಿ ನಾವು ಅದೃಷ್ಟವಂತರು. ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆ ಹತ್ತಿರದಲ್ಲೇ ಇದೆ, ಹಾಪ್‌ಕಾಮ್ಸ್ ಇದೆ. ತಳಿ, ಸಸಿ ಬಗ್ಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೇಳಬಹುದು. ಹೂ ಬಿಟ್ಟಾಗಲೇ ಮರ ಗುತ್ತಿಗೆಗೆ ಕೊಟ್ರೆ ಲಾಭ ದಲ್ಲಾಳಿಗೆ ಹೋಗುತ್ತೆ. ಹತ್ತು ಮನೆಯವರು ಸೇರಿ ಒಂದೇ ಗಾಡಿಯಲ್ಲಿ ಹಣ್ಣು ಕಳಿಸಿದ್ರೆ ಬಾಡಿಗೆಯೂ ಉಳಿಯುತ್ತೆ.

ಗಮನಿಸಿ: ನಬಾರ್ಡ್ ವಾಡಿಗೆ ಒಬ್ಬೊಬ್ಬರೇ ಅರ್ಜಿ ಹಾಕೋ ಪದ್ಧತಿ ಇಲ್ಲ. ಒಂದು ಪ್ರದೇಶದ ಕುಟುಂಬಗಳನ್ನು ಸೇರಿಸಿ, ಸ್ವಯಂಸೇವಾ ಸಂಸ್ಥೆ ಮೂಲಕ ಯೋಜನೆ ಸಲ್ಲಿಸಬೇಕು. ಹಾಗಾಗಿ ಮೊದಲ ಹೆಜ್ಜೆ ಗ್ರಾಮಸಭೆಯಲ್ಲಿ ಕೂತು ಯಾರ ಜಮೀನಿಗೆ ಕಾಗದ ಇದೆ, ಯಾರದಕ್ಕೆ ಇಲ್ಲ ಅಂತ ಪಟ್ಟಿ ಮಾಡೋದು.