ಟಿಬಿ-303: ಅನುಕರಣೆಯಲ್ಲಿ ಸೋತ ಯಂತ್ರ

ಒಂದು ಸಣ್ಣ ಪ್ರಯೋಗದಿಂದ ಪ್ರಾರಂಭಿಸೋಣ. ಶ್ರುತಿ ಬದಲಿಸದೆ, ನಡುವೆ ನಿಲ್ಲಿಸದೆ 'ಊ-ಓ-ಆ-ಏ-ಈ' ಎಂದು ನಿಧಾನವಾಗಿ ಎಳೆದು ಹೇಳಿ. ಸ್ವರದ ಆವೃತ್ತಿ ಇದ್ದಲ್ಲೇ ಇದೆ. ಆದರೂ ಒಳಗೆ ಏನೋ ಒಂದು ಮೇಲಕ್ಕೆ ಏರಿದಂತೆ ಕೇಳಿಸುತ್ತದೆ, ಅಲ್ಲವೆ? ಧ್ವನಿತಂತುಗಳಿಂದ ಹೊರಡುವ ನಾದದಲ್ಲಿ ಮೂಲ ಆವೃತ್ತಿಯ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಹಾರ್ಮೋನಿಕ್‌ಗಳೂ ಇರುತ್ತವೆ. ಬಾಯಿಯ ಆಕಾರ ಬದಲಾದಂತೆ ಅವುಗಳಲ್ಲಿ ಬೇರೆ ಬೇರೆಯವು ಅನುರಣನೆಯಿಂದ ಬಲಗೊಳ್ಳುತ್ತವೆ. ಗಂಡಸರ ಧ್ವನಿಯಲ್ಲಿ ಎರಡನೆಯ ಅನುರಣನ ಆವೃತ್ತಿ ಊಕಾರಕ್ಕೆ ಸುಮಾರು 900 ಹರ್ಟ್ಸ್, ಈಕಾರಕ್ಕೆ ಸುಮಾರು 2,200 ಹರ್ಟ್ಸ್. ಈ ಚಲನೆಯನ್ನು ಗುರುತಿಸುವುದರಲ್ಲಿ ನಮ್ಮ ಕಿವಿ ಬಹಳ ಚುರುಕು. ಇಲ್ಲದಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವೇ ಆಗುತ್ತಿರಲಿಲ್ಲ.

ಇದೇ ಕೆಲಸವನ್ನು ಕೆಲವು ಡಯೋಡು ಮತ್ತು ಧಾರಕಗಳಿಂದ ಮಾಡುವ ಒಂದು ಪುಟ್ಟ ಪೆಟ್ಟಿಗೆಯ ಚರಿತ್ರೆ ಸ್ವಾರಸ್ಯಕರವಾಗಿದೆ.

ಜಪಾನಿನ ರೋಲಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಸಿಂಥಸೈಸರನ್ನು ಮಾರುಕಟ್ಟೆಗೆ ತಂದಿತು. ವಿನ್ಯಾಸಕಾರ ತಡಾವೊ ಕಿಕುಮೊಟೊ. ಒಬ್ಬರೇ ಕುಳಿತು ಗಿಟಾರ್ ಅಭ್ಯಾಸ ಮಾಡುವವರಿಗೆ ಬಾಸ್ ಗಿಟಾರಿನ ಜೊತೆ ಒದಗಿಸುವುದು ಅದರ ಉದ್ದೇಶ. ತಾಳಕ್ಕೆ ಟಿಆರ್-606 ಎಂಬ ಜೋಡಿ ಯಂತ್ರ. ಅಮೆರಿಕದಲ್ಲಿ ಅದರ ಬೆಲೆ 395 ಡಾಲರ್. ಆದರೆ ಅದರ ನಾದ ಬಾಸ್ ಗಿಟಾರಿನಂತೆ ಇರಲೇ ಇಲ್ಲ. ಸ್ವರಗಳನ್ನು ಒಮ್ಮೆ, ಅವುಗಳ ಕಾಲವನ್ನು ಇನ್ನೊಮ್ಮೆ ಪ್ರತ್ಯೇಕವಾಗಿ ತುಂಬಬೇಕಾಗಿದ್ದುದರಿಂದ ಬಳಸುವುದೂ ತಲೆನೋವು. ಸುಮಾರು 10,000 ಯಂತ್ರಗಳನ್ನು ತಯಾರಿಸಿ 1984ರಲ್ಲಿ ಕಂಪನಿ ಕೈಬಿಟ್ಟಿತು. ಉಳಿದವು ಸೆಕೆಂಡ್ ಹ್ಯಾಂಡ್ ಅಂಗಡಿಗಳನ್ನು ಸೇರಿದವು.

ಈಗ ಪೆಟ್ಟಿಗೆಯ ಒಳಗೆ ನೋಡೋಣ. ಇರುವುದು ಒಂದೇ ಆಂದೋಲಕ. ಅದು ಗರಗಸದ ಹಲ್ಲಿನಾಕಾರದ ತರಂಗವನ್ನು ಇಲ್ಲವೆ ಹೆಚ್ಚುಕಡಿಮೆ ಚೌಕಾಕಾರದ ತರಂಗವನ್ನು ಕೊಡುತ್ತದೆ. ಗರಗಸ ತರಂಗದಲ್ಲಿ ಎಲ್ಲ ಹಾರ್ಮೋನಿಕ್‌ಗಳೂ ಇವೆ. ಹತ್ತನೆಯದರ ಪಾರ ಮೊದಲನೆಯದರ ಹತ್ತನೆಯ ಒಂದು ಭಾಗ. ಮೂಲ ಸ್ವರ 55 ಹರ್ಟ್ಸ್ ಆಗಿದ್ದರೆ 110, 165, 220 ಹೀಗೆ ಏಣಿಯ ಮೆಟ್ಟಿಲುಗಳಂತೆ ಅವು ಸಾಗುತ್ತವೆ. ಇದು ಮುಂದೆ ಒಂದು ಫಿಲ್ಟರಿಗೆ ಹೋಗುತ್ತದೆ. ನಿಗದಿಯಾದ ಆವೃತ್ತಿಗಿಂತ ಮೇಲಿನದನ್ನು ಅದು ತಡೆಯುತ್ತದೆ. ಹೊರಬಂದ ಸಂಕೇತದ ಒಂದಂಶವನ್ನು ಮತ್ತೆ ಒಳಕ್ಕೆ ಕೊಟ್ಟರೆ ಆ ಗಡಿ ಆವೃತ್ತಿಯ ಬಳಿ ಅನುರಣನೆಯ ಶಿಖರವೊಂದು ಏಳುತ್ತದೆ. ಗಡಿಯನ್ನು ಸರಿಸಿದರೆ ಶಿಖರ ಮೆಟ್ಟಿಲುಗಳ ಮೇಲೆ ಓಡಾಡುತ್ತ ಒಂದೊಂದೇ ಹಾರ್ಮೋನಿಕನ್ನು ಎತ್ತಿ ತೋರಿಸುತ್ತದೆ. ಬಾಯಿ ಊಕಾರದಿಂದ ಈಕಾರಕ್ಕೆ ಹೋದದ್ದೂ ಹೀಗೆಯೇ. (ತಂಬೂರಿಯ ಜವಾರಿ ಬಲ್ಲವರಿಗೆ ಇದು ಅಪರಿಚಿತವಲ್ಲ. ಒಮ್ಮೆ ಮೀಟಿದ ತಂತಿಯಲ್ಲಿ ಹಾರ್ಮೋನಿಕ್‌ಗಳು ಏರಿಳಿಯುವ ಆ ನಾದದಲ್ಲಿ ಸೇತುವೆಯ ಪಾತ್ರವೇನೆಂದು ಸಿ.ವಿ. ರಾಮನ್ 1921ರಷ್ಟು ಹಿಂದೆಯೇ ಬರೆದಿದ್ದರು.)

ಈ ಫಿಲ್ಟರಿನಲ್ಲಿ ನಾಲ್ಕು ಹಂತಗಳಿವೆ. ರೋಧಕಗಳ ಜಾಗದಲ್ಲಿ ಡಯೋಡುಗಳಂತೆ ಜೋಡಿಸಿದ ಟ್ರಾನ್ಸಿಸ್ಟರುಗಳಿವೆ. ಅವುಗಳಲ್ಲಿ ಹರಿಯುವ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡಿದರೆ ಗಡಿ ಆವೃತ್ತಿ ಬದಲಾಗುತ್ತದೆ. ಹಂತಗಳ ನಡುವೆ ಪ್ರತ್ಯೇಕತೆ ಇಲ್ಲದ ಕಾರಣ ಪ್ರತಿ ಹಂತವೂ ನೆರೆಯ ಹಂತದ ಮೇಲೆ ಹೊರೆಯಾಗುತ್ತದೆ. ಸಂಕೇತ ದೊಡ್ಡದಾದರೆ ಡಯೋಡುಗಳು ಅದರ ಆಕಾರವನ್ನೂ ತಿರುಚುತ್ತವೆ. ಪಠ್ಯಪುಸ್ತಕದ ಆದರ್ಶ ಫಿಲ್ಟರಿಗೆ ಹೋಲಿಸಿದರೆ ಇವೆಲ್ಲ ದೋಷಗಳೇ.

ಇನ್ನೂ ಎರಡು ಅಂಶಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಏರ್ಪಾಡು ಕೇವಲ ಒಂದು ರೋಧಕ ಮತ್ತು ಧಾರಕ. ಆದ್ದರಿಂದ ಜಾರಲು ಹಿಡಿಯುವ ಕಾಲ ಸ್ವರಗಳ ಅಂತರವನ್ನು ಅವಲಂಬಿಸಿಲ್ಲ. ಮೊದಲು ಧಾವಿಸಿ, ಗುರಿ ಹತ್ತಿರವಾದಂತೆ ನಿಧಾನವಾಗುತ್ತದೆ. ಪಿಯುಸಿಯಲ್ಲಿ ಬರೆಯಿಸುವ ಆ ಘಾತೀಯ ವಕ್ರರೇಖೆ ಇಲ್ಲಿ ಕಿವಿಗೇ ಕೇಳಿಸುತ್ತದೆ. ಎರಡನೆಯದು, ಒತ್ತು ಕೊಟ್ಟ ಸ್ವರ. ಒತ್ತು ಬಿದ್ದಾಗ ಒಂದು ಧಾರಕ ಆವೇಶ ಪಡೆಯುತ್ತದೆ. ಅದು ಪೂರ್ತಿ ಖಾಲಿಯಾಗುವ ಮುನ್ನವೇ ಮತ್ತೊಂದು ಒತ್ತು ಬಂದರೆ ಹಳೆಯ ಆವೇಶದ ಮೇಲೆ ಹೊಸದು ಸೇರಿ ಫಿಲ್ಟರಿನ ಗಡಿ ಇನ್ನೂ ಮೇಲೇರುತ್ತದೆ. ಅಂದರೆ ಈಗಿನ ಸ್ವರ ಹೇಗೆ ಕೇಳುತ್ತದೆ ಎಂಬುದು ಹಿಂದೆ ಏನಾಗಿತ್ತು ಎಂಬುದನ್ನೂ ಅವಲಂಬಿಸಿದೆ.

ಗಿಟಾರ್ ಅಭ್ಯಾಸಿಗಳು ಯಂತ್ರದ ಆರು ನಾಬ್‌ಗಳನ್ನು ಒಮ್ಮೆ ಹೊಂದಿಸಿ ಸುಮ್ಮನಿರುತ್ತಾರೆ ಎಂದು ತಯಾರಕರು ಎಣಿಸಿದ್ದಿರಬೇಕು. ಷಿಕಾಗೋದಲ್ಲಿ ಫ್ಯೂಚರ್ ಎಂಬ ತಂಡದ ಡಿಜೆ ಪಿಯರ್ ಮತ್ತು ಗೆಳೆಯರು ಹಾಗೆ ಸುಮ್ಮನಿರಲಿಲ್ಲ. ಹದಿನಾರು ಹೆಜ್ಜೆಯ ಸ್ವರಮಾಲೆ ತಾನಾಗಿ ಪುನರಾವರ್ತನೆ ಆಗುತ್ತಿರುವಾಗ ಅವರು ನಾಬ್‌ಗಳನ್ನು ತಿರುಗಿಸುತ್ತ ಹೋದರು. ಸ್ವರ ಅದೇ, ನಾದಗುಣ ಮಾತ್ರ ಬದಲು. 1987ರಲ್ಲಿ ಹೊರಬಂದ 'ಆ್ಯಸಿಡ್ ಟ್ರ್ಯಾಕ್ಸ್' ಹನ್ನೊಂದು ನಿಮಿಷಕ್ಕೂ ಮೀರಿದ್ದು, ಅದರಲ್ಲಿ ರಾಗವೆನ್ನಬಹುದಾದ್ದು ಬಹುಪಾಲು ಈ ಬದಲಾವಣೆಯೇ. ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತ ಅಲ್ಲಿಂದ ಹೆಸರು ಪಡೆಯಿತು. 1988ರ ವೇಳೆಗೆ ಬ್ರಿಟನ್ನಿನಲ್ಲಿ ಅಲೆಯಾಗಿ ಹರಡಿತ್ತು.

ಇದೆಲ್ಲ ಬರಿಯ ಷೋಕಿ, ಹಳೆಯದರ ಮೋಹ ಎಂದು ನೀವು ಆಕ್ಷೇಪಿಸಬಹುದು. ನಾನೂ ಹಾಗೆಯೇ ಭಾವಿಸಿದ್ದೆ. ನನ್ನ ಅಭಿಪ್ರಾಯ ಬದಲಾದದ್ದು ಮುಂಬಯಿಯ ಒಂದು ಧ್ವನಿಮುದ್ರಿಕೆಯಿಂದ. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಇದೇ 303ನ್ನೂ ರೋಲಂಡಿನ ಇನ್ನೆರಡು ಯಂತ್ರಗಳನ್ನೂ ಬಳಸಿ ಭೈರವ್, ಲಲಿತ್, ತೋಡಿ ಮುಂತಾದ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. 1982ರಲ್ಲಿ ಎಚ್‌ಎಂವಿ ಅದನ್ನು ಹೊರತಂದಿತು, ಕೊಂಡವರು ಕಡಿಮೆ. ಜಾರುವ ಸ್ವರಗಳು, ಕೂಗುವ ಫಿಲ್ಟರ್, ಎಲ್ಲವೂ ಅಲ್ಲಿವೆ, ಷಿಕಾಗೋಗಿಂತ ಐದು ವರ್ಷ ಮೊದಲೇ. ಆ್ಯಸಿಡ್ ಹೌಸ್ ಹುಟ್ಟಿದ್ದು ಭಾರತದಲ್ಲಿ ಎಂದು ಬೀಗುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ; ಒಂದರಿಂದ ಇನ್ನೊಂದು ಹುಟ್ಟಿದ್ದಕ್ಕೆ ಪುರಾವೆ ಇಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಪರಸ್ಪರ ಸಂಬಂಧವಿಲ್ಲದ ಎರಡು ಊರುಗಳಲ್ಲಿ, ಎರಡು ಬೇರೆ ಸಂಗೀತ ಪರಂಪರೆಯವರು ಒಂದೇ ಮಂಡಲದಿಂದ ಒಂದೇ ಬಗೆಯ ನಾದವನ್ನು ಹೊರತೆಗೆದರು. ಷೋಕಿ ಊರಿಂದ ಊರಿಗೆ ಬದಲಾಗುತ್ತದೆ, ಡಯೋಡಿನ ಗುಣ ಬದಲಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಇದನ್ನು ಅನುಕರಿಸುವ ಯತ್ನ 1990ರ ದಶಕದಲ್ಲೇ ಶುರುವಾಯಿತು. ನಾಲ್ಕೂ ಹಂತಗಳು ಒಂದನ್ನೊಂದು ಹಿಡಿದೆಳೆಯುವುದರಿಂದ ಅವುಗಳ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು, ಅದೂ ಸೆಕೆಂಡಿಗೆ ಹತ್ತಾರು ಸಾವಿರ ಸಲ. ರೋಲಂಡ್ ತಾನೇ 2014ರಲ್ಲಿ ಟಿಬಿ-3, 2016ರಲ್ಲಿ ಟಿಬಿ-03 ಎಂಬ ಡಿಜಿಟಲ್ ಯಂತ್ರಗಳನ್ನು ತಂದಿತು. ಬಾಸ್ ಗಿಟಾರನ್ನು ಅನುಕರಿಸಲು ಹೋಗಿ ಸೋತ ಪೆಟ್ಟಿಗೆಯನ್ನೇ ಈಗ ಅನುಕರಿಸುತ್ತಿದ್ದಾರೆ!

ಚರಣ್‌ಜಿತ್ ಸಿಂಗರ ಧ್ವನಿಮುದ್ರಿಕೆ 2010ರಲ್ಲಿ ಮರುಮುದ್ರಣ ಕಂಡಿತು. ಎಪ್ಪತ್ತು ದಾಟಿದ್ದ ಅವರು ಯೂರೋಪಿಗೆ ಹೋಗಿ ಯುವಜನರ ಎದುರು ಆ ರಾಗಗಳನ್ನು ನುಡಿಸಿ ಬಂದರು. 2015ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.