ಕುಚ್ಚಲಕ್ಕಿಯ ಹಂಡೆ

ಅಡುಗೆಯ ಚರಿತ್ರೆ ಎಂದರೆ ನವಾಬರ ಬಿರಿಯಾನಿ, ಮೊಗಲರ ಕಬಾಬು ಎಂದು ನಾವು ತಿಳಿದುಕೊಂಡಿದ್ದೇವೆ. ದಿನನಿತ್ಯದ ಅನ್ನಕ್ಕೂ ಒಂದು ಚರಿತ್ರೆಯಿದೆ. ಅದು ಸಾವು-ಬದುಕಿನ ಚರಿತ್ರೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಗಿಯಂತ್ರದ ಅಕ್ಕಿ ಮಿಲ್ಲುಗಳು ಹೆಚ್ಚಿದಂತೆ ಆಗ್ನೇಯ ಏಷ್ಯಾದಲ್ಲಿ ಬೆರಿಬೆರಿ ಹಬ್ಬಿತು. ಕಾಲು ಜೋಮು ಹಿಡಿದು, ಮೈ ಊದಿ, ಕೊನೆಗೆ ಹೃದಯವೇ ಸೋಲುವ ಕಾಯಿಲೆ. ಇದು ಅಂಟುರೋಗವೆಂದು ಬಹಳ ಮಂದಿ ವೈದ್ಯರು ನಂಬಿದ್ದರು. ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್ 1890ರ ದಶಕದಲ್ಲಿ ಬೇರೊಂದು ಸಂಗತಿ ಕಂಡರು: ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುತ್ತಿದ್ದವು, ತೌಡು ಕೊಟ್ಟರೆ ಏಳುತ್ತಿದ್ದವು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಬ್ರಿಟಿಷ್ ಮಲಯಾ. ಅಲ್ಲಿ ಮೂರು ಜನಾಂಗದವರೂ ಉಣ್ಣುತ್ತಿದ್ದುದು ಅನ್ನವನ್ನೇ. ಆದರೆ ಮನೆ ಬಿಟ್ಟು ಬಂದು ತವರದ ಗಣಿಗಳಲ್ಲಿ ದುಡಿಯುತ್ತಿದ್ದ ಚೀನೀಯರು ಮಿಲ್ಲಿನ ಬಿಳಿ ಅಕ್ಕಿ ಉಂಡು ಸಾಯುತ್ತಿದ್ದರು. ಹಳ್ಳಿಯ ಮಲಯರು ಬೇಕಾದಷ್ಟೇ ಭತ್ತವನ್ನು ಮನೆಯಲ್ಲಿ ಕುಟ್ಟಿಕೊಳ್ಳುತ್ತಿದ್ದರು. ತಮಿಳು ಕೂಲಿಗಳಿಗೆ ಇಂಡಿಯಾದಿಂದ ಬರುವ ಕುಚ್ಚಲಕ್ಕಿಯೇ ಆಗಬೇಕಿತ್ತು. ಈ ಇಬ್ಬರಿಗೂ ಕಾಯಿಲೆ ಅಪರೂಪ. ಡಾ. ಬ್ರಾಡನ್ 1907ರ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಬರೆದರು. ಆ ಹೊತ್ತಿಗಾಗಲೇ ಡಾ. ಫ್ಲೆಚರ್ ಕೌಲಾಲಂಪುರದ ಹುಚ್ಚಾಸ್ಪತ್ರೆಯಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬಿಳಿ ಅಕ್ಕಿ, ಇನ್ನೊಂದಕ್ಕೆ ಕುಚ್ಚಲಕ್ಕಿ ಉಣ್ಣಿಸಿ ನೋಡಿದ್ದರು. ವಾರ್ಡುಗಳನ್ನು ಅದಲುಬದಲು ಮಾಡಿದರೂ ರೋಗ ಬಿಳಿ ಅಕ್ಕಿಯ ಬೆನ್ನುಬಿಡಲಿಲ್ಲ. ಪ್ರಯೋಗಕ್ಕೆ ಸಿಕ್ಕವರು ಒಪ್ಪಿಗೆ ಕೊಡಲಾಗದ ಹುಚ್ಚರು ಎಂಬುದು ಬೇರೆ ಮಾತು.

ಆ ಕೂಲಿಗಳು ಯಾವ ವೈದ್ಯನ ಮಾತನ್ನೂ ಕೇಳಿದವರಲ್ಲ. ತಾಯಂದಿರ ಒಲೆ ಕಲಿಸಿದ ರುಚಿ ಅವರನ್ನು ಕಾಪಾಡಿತ್ತು. ನಮ್ಮ ಕರಾವಳಿಯಲ್ಲೂ ಭತ್ತವನ್ನು ನೆನೆಸಿ, ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ ಆಮೇಲೆ ಕುಟ್ಟುತ್ತಿದ್ದರು. ಹಾಗೆ ಬೇಯಿಸಿದಾಗ ತೌಡಿನ ಸತ್ವ ಕಾಳಿನೊಳಕ್ಕೆ ಇಳಿಯುತ್ತದೆ, ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಬಿ1 ಎಂಬ ಹೆಸರು ಬಂದದ್ದು ಎಷ್ಟೋ ಕಾಲದ ನಂತರ. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಪ್ರಶಸ್ತಿಯೂ ಬಂತು.

ಒನಕೆಯ ಕಾಲವೇ ಚೆನ್ನಾಗಿತ್ತು ಎನ್ನುವವರು ಸಾಮಾನ್ಯವಾಗಿ ಒನಕೆ ಹಿಡಿಯದ ಗಂಡಸರು. ಮಿಲ್ಲು ಬಂದದ್ದು ಹೆಂಗಸರ ರಟ್ಟೆಗೆ ಬಿಡುಗಡೆಯೇ. ಭತ್ತ ಬೇಯಿಸುವ ಕೆಲಸವನ್ನೂ ಈಗ ಮಿಲ್ಲೇ ಮಾಡುತ್ತದೆ. ಕಷ್ಟವಿರುವುದು ಅನ್ನ ಮಾಡುವಲ್ಲಿ. ಕುಕ್ಕರಿನ ಎರಡು ಸೀಟಿಗೆ ಕುಚ್ಚಲಕ್ಕಿ ಬಗ್ಗುವುದಿಲ್ಲ. ಮೊದಲ ಸಲ ಅಗುಳು ಗಟ್ಟಿಯಾಗಿ ಉಳಿದರೆ ಎರಡನೆಯ ಸಲ ಆ ಮನೆಯವರು ಅದನ್ನು ಕೊಳ್ಳುವುದಿಲ್ಲ. ಬಲ್ಲವರು ಒಂದು ಕುದಿ ಬರಿಸಿ, ಮುಚ್ಚಿಟ್ಟು, ಬಿಸಿಯಲ್ಲೇ ಅರಳಲು ಬಿಟ್ಟು ಮತ್ತೆ ಬೇಯಿಸುತ್ತಾರೆ. ಬಸಿದ ತಿಳಿಯನ್ನೂ ಚೆಲ್ಲದೆ ಉಪ್ಪು ಹಾಕಿ ಕುಡಿಯುತ್ತಾರೆ.